ಹನ್ನೆರಡು ವೋಲ್ಟ್ ಹೊಡಿಯೂದಿಲ್ಲ, ಖರೇ, ಆದ್ರ ಸುಡತದ

ನಮ್ಮ ಮನಿಯವರು ಹಾಯಿ ದೋಣಿ ತೊಗೊಂಡಾರ ಅಂತ ಹೋದ ವರ್ಷ ನಾ ಫೋಟೋ ಕಳಿಸಿದಾಗ ನೀವೆಲ್ಲಾ ಏನೇನು ಅಂದಿದ್ರಿ, ಒಂದೊಂದೂ ನೆನಪದ ನನಗ. "ಕೆಲಗೇರಿ ಕೆರ್‍ಯಾಗ ಕಾಲ ಇಳಸದಂವಾ ಸಮುದ್ರಕ್ಕ ಹೊಂಟಾನ" ಅಂದ್ರು ಮಾಮಿ. "ಬಿಡ್ರಿ, ನೀವೀಗ ದೊಡ್ಡ ಮಂದಿ" ಅಂದ್ರು ವೈನಿ.

ದೊಡ್ಡ ಮಂದಿ ಏನಲ್ಲರೀ. 1984ರ ದೋಣಿ ಅದು, 27 ಫೂಟು ಉದ್ದ, ಇಲ್ಲಿ ಒಂದು ಹಳೇ ಕಾರಿಗೆ ಕೊಡೂ ರೊಕ್ಕಕ್ಕ ಬಂದದ. ಸಮುದ್ರಾನೂ ಅಲ್ಲಾ. ನಾವಿರೂ ಮೇರಿಲ್ಯಾಂಡಿನ ಅನಾಪೊಲಿಸ್ ಊರಿಗೆ ಹಚ್ಚಿ ಚೆಸಪೀಕ್ ಅಂತ ಕೊಲ್ಲಿ ಅದ. ಉದ್ದ ಸುಮಾರು 200 ಮೈಲು, ನೀರು ಪೂರಾ ಉಪ್ಪೂ ಅಲ್ಲಾ, ಪೂರಾ ಸಿಹೀನೂ ಅಲ್ಲಾ. ಶನಿವಾರ ಮುಂಜಾನೆ ಹೊಂಟು ಆಚೀ ದಂಡಿಯೊಳಗ ಒಂದು ಸಣ್ಣ ಹಿನ್ನೀರಿನ್ಯಾಗ ಲಂಗರು ಒಗದು, ರಾತ್ರಿ ದೋಣಿಯೊಳಗ ಮಲಕೊಂಡು ರವಿವಾರ ತಿರುಗಿ ಬರೂದು. ಇಷ್ಟ ನಮ್ಮ ಸಮುದ್ರಯಾನ.

ದೋಣಿ ಒಳಗ ಇಳಿದ್ರ ಅದೂ ಒಂದು ಸಂಸಾರನ. ಎರಡು ಬರ್ನರಿನ ಒಲಿ, ಅಂಗೈ ಅಗಲದ ಸಿಂಕು, ಚಹಾದ ಡಬ್ಬಿ, ಅವಲಕ್ಕಿ ಡಬ್ಬಿ, ನಾಕು ಮಂದಿ ಮುದುಡಿಕೊಂಡು ಮಲಗೂವಷ್ಟು ಜಾಗಾ. ಕರೆಂಟಿನ ಹಕೀಕತ್ತು ಮಾತ್ರ ಬ್ಯಾರೆ. ದಂಡಿಗೆ ಕಟ್ಟಿದಾಗ ಅಲ್ಲಿಂದ ವೈರ್ ಹಚ್ಚಿಕೋಬಹುದು. ಲಂಗರು ಹಾಕಿ ನೀರಿನ ನಡುವ ನಿಂತ್ರ ಬರೇ ಬ್ಯಾಟರಿ. ನಿಮ್ಮನಿ ಇನ್ವರ್ಟರಿನ ಕೆಳಗ ಕೂತಿರ್ತದಲಾ, ಅಂಥಾದ್ದ, 12 ವೋಲ್ಟಿನದು. ಇಂಜಿನ್ ಚಾಲೂ ಮಾಡ್ಲಿಕ್ಕೆ ಒಂದು, ಲೈಟು, ರೇಡಿಯೋ, ಫೋನಿಗೆ ಇನ್ನೊಂದು.

ಆ ಫೋನ್ ಚಾರ್ಜ್ ಮಾಡೂ ಪಾಯಿಂಟುಗಳನ್ನ ಈ ಎಪ್ರಿಲ್ ತಿಂಗಳಾಗ ನಾ ಕಿತ್ತಿ ಹೊಸಾವು ಹಾಕಿದೆ. "ನೀ ಹಾಕಿದ್ಯಾ? ಅವರಲ್ಲಾ?" ಅಂತ ಮೂರು ಮಂದಿ ಫೋನ್ ಮಾಡಿ ಕೇಳ್ಯಾರ. ಒಬ್ಬೊಬ್ಬರಿಗೆ ಹೇಳೂದಕಿಂತ ಇಲ್ಲೇ ಬರದುಬಿಡತೀನಿ. ಇದರಾಗ ನಿಮ್ಮನಿಗೆ ಉಪಯೋಗ ಆಗೂದೂ ಒಂದಿಷ್ಟು ಅದ.

ಮೊದಲ ನಮ್ಮವರ ಗೊರಕಿ ಕಥಿ ಹೇಳಬೇಕು. ಆ ಗೊರಕಿ ನಿಮಗ್ಯಾರಿಗೂ ಹೊಸಾದಲ್ಲ. ತಮ್ಮನ ಮದವಿಗೆ ಕಲ್ಯಾಣ ಮಂಟಪದಾಗ ಇವರ ಬಾಜೂ ಮಲಗಿದ ಮಂದಿ ಹಾಸಗಿ ಸುತ್ತಿಕೊಂಡು ಪಡಸಾಲಿಗೆ ಹೋಗಿದ್ರು. ಆವತ್ತ ಎಲ್ಲಾರೂ ನಕ್ಕಿದ್ವಿ. ಆದ್ರ ಗೊರಕಿ ಹೊಡಿಯೂ ಮನಶ್ಯಾ ನಡುವ ಒಮ್ಮಿಂದೊಮ್ಮಿಲೇ ಗಪ್ ಆಗಿ, ಆಮ್ಯಾಲೆ ನೀರಾಗ ಮುಳಗಿದಂವಾ ಮ್ಯಾಲೆ ಬಂದಂಗ ಸೊರ್ ಅಂತ ಉಸರು ಎಳಕೋತಾನಲಾ, ಆ ಗಪ್ ಆದ ಹೊತ್ತಿನಾಗ ಅವಂದು ಉಸರ ನಿಂತಿರ್ತದ. ಅದಕ್ಕ ಸ್ಲೀಪ್ ಆಪ್ನಿಯಾ ಅಂತಾರ. ಹತ್ತು ಸೆಕೆಂಡಿನಕಿಂತ ಹೆಚ್ಚಿಗೆ ಉಸರು ನಿಂತ್ರ ಅದನ್ನ ಒಂದು ಸಲ ಅಂತ ಎಣಸ್ತಾರ. ತಾಸಿಗೆ 30ರ ಮ್ಯಾಲೆ ಹೋದ್ರ ಜೋರು ಅಂತ ಲೆಕ್ಕ. ಇವರದು 41 ಬಂತು. ಬಿಪಿ ಯಾಕ ಇಳೀವಲ್ಲದು ಅಂತ ನಾ ಉಪ್ಪು ಕಡಿಮಿ ಮಾಡಿ, ಉಪ್ಪಿನಕಾಯಿ ಮುಚ್ಚಿಟ್ಟು ಹೈರಾಣ ಆಗಿದ್ದೆ. ಕಾರಣ ಇಲ್ಲಿತ್ತು. ಡಾಕ್ಟರು ಸಿಪ್ಯಾಪ್ ಮಶೀನ್ ಕೊಟ್ಟು, ಮುಖಕ್ಕ ಅದರ ಮಾಸ್ಕ್ ಹಚ್ಚಿಕೊಂಡ ಮಲಗಬೇಕು, ಒಂದ ರಾತ್ರೀನೂ ತಪ್ಪಸಬ್ಯಾಡ್ರಿ ಅಂದಾರ.

ದೋಣಿಯೊಳಗ ಮಲಗೂದಂದ್ರ ಮಶೀನೂ ಬರಬೇಕಲಾ? ಅದಕ್ಕ 12 ವೋಲ್ಟಿನ ಅಡಾಪ್ಟರ್ ಸಿಗತದ, ತಂದ್ವಿ. ಹೋದ ಅಕ್ಟೋಬರಿನ್ಯಾಗ ಸೇಂಟ್ ಮೈಕಲ್ಸ್ ಊರಿನ ಹತ್ರ ಲಂಗರು ಹಾಕಿದ್ವಿ. ಥಂಡಿ ಇತ್ತು ಅಂತ ಗಾಳಿಗೆ ಬೆಚ್ಚನ ಹಬಿ ಕೂಡಸೂ ಭಾಗಾನೂ ಚಾಲೂ ಇತ್ತು. ನಡುರಾತ್ರಿ ನನಗ ಎಚ್ಚರಾತು. ಸಪ್ಪಳಕ್ಕಲ್ಲ, ಸಪ್ಪಳ ನಿಂತದ್ದಕ್ಕ. ಮಶೀನ್ ಬಂದ್ ಬಿದ್ದಿತ್ತು, ಪ್ಲಾಸ್ಟಿಕ್ ಸುಟ್ಟ ನಾತ ಸಣ್ಣಗ ಮೂಗಿಗೆ ಬಡೀತು. ಪ್ಲಗ್ ಹಿಡದೆ, ಕೈ ಚುರ್ ಅಂತು. ಸಾಣಸಿ ಹಚ್ಚಿ ಜಗ್ಗಿ ತಗದೆ. ಸಾಕೆಟ್ಟಿನ ಅಂಚು ಹತ್ತಿದ ಚಪಾತಿಗತೆ ಕಂದ ಆಗಿತ್ತು. ಆ ಸಾಕೆಟ್ಟಿನ ಹಿಂದ ಕಟ್ಟಗಿ ಹಲಗಿ, ಹಲಗಿ ಹಿಂದ ಹಾಸಗಿ. ನೀರಿನ ನಡುವ ಬೆಂಕಿ ಹತ್ತಿದ್ರ ಓಡಿ ಹೋಗ್ಲಿಕ್ಕೆ ಅಂಗಳ ಎಲ್ಲೆದ? ಬೆಳಗಾಗೂತನಕಾ ಇವರನ್ನ ಮಗ್ಗಲಿಗೆ ಹೊಳ್ಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಉಸರು ಎಣಸಿಕೋತ ಕೂತೆ.

ಇವರು ಎದ್ದ ಕೂಡಲೇ ಹೇಳಿದ್ದು, "ಅಂಗಡಿಯೊಳಗ ಹೊಸಾ ಸಾಕೆಟ್ ಸಿಗತಾವ, ಹಳೇದು ತಿರುವಿ ತಗದು ಹೊಸಾದು ಕೂಡ್ರಸಿದ್ರ ಮುಗೀತು." ಅಳತಿ ನೋಡಿದ್ರ ಅದೂ ಖರೇನ. ಹಳೇ ಸಾಕೆಟ್ಟಿನ ತೂತು ಒಂದು ಇಂಚಿನಕಿಂತ ತುಸು ದೊಡ್ಡದು, ಸುಮಾರು 28 ಮಿಲಿಮೀಟರು. ಈಗಿನ ಯುಎಸ್‌ಬಿ ಸಾಕೆಟ್ಟುಗಳನ್ನೂ ಅದ ತೂತಿಗೆ ಕೂಡೂ ಹಂಗ ಮಾಡಿರ್ತಾರ. ಆದ್ರ ವಲಸು ಗ್ವಾಡಿಗೆ ಸುಣ್ಣ ಬಳದ್ರ ಎಷ್ಟು ದಿನಾ ಛಂದ ಕಾಣತದ? ಒಂದು ಮಳಿಗಾಲ. ನನಗ ಮುಖಾ ಬದಲಿ ಮಾಡೂದು ಬೇಕಿರಲಿಲ್ಲ, ಹಿಂದ ಏನದ ನೋಡಬೇಕಿತ್ತು.

ಆ ಹಳೇ ಸಾಕೆಟ್ಟು ಅಂದ್ರ ಕಾರಿನ್ಯಾಗ ಇರ್ತಿತ್ತಲಾ, ಸಿಗರೇಟ್ ಹಚ್ಚೂದು, ಅದ. ಒಳಗ ಒತ್ತಿದ್ರ ಸುರುಳಿ ಕೆಂಪಗ ಕಾದು ಕೆಲವು ಸೆಕೆಂಡಿಗೆ ಟಕ್ ಅಂತ ಹೊರಗ ಬರೂದು. ಅಷ್ಟಕ್ಕ ಮಾಡಿದ್ದು ಅದು. 1984ರಾಗ ದೋಣಿಗೆ ಫೋನ್ ತೊಗೊಂಡು ಯಾರು ಬರ್ತಿದ್ರು? ಆಮ್ಯಾಲೆ ಮಂದಿ ಅದರಾಗ ಪ್ಲಗ್ ತುರುಕಲಿಕ್ಕೆ ಸುರು ಮಾಡಿದ್ರು. ಪ್ಲಗ್ಗಿನ ಮೂತಿಯೊಳಗ ಒಂದು ಸ್ಪ್ರಿಂಗ್ ಇರ್ತದ, ಅದು ತನ್ನ ಪ್ಲಗ್ಗನ್ನ ತಾನ ಹೊರಗ ದೂಡತಿರ್ತದ. ಮಗ್ಗಲಿನ ಎರಡು ತಗಡಿನ ಬೆಳ್ಳು ಹಿಡಕೊಂಡಿರ್ತಾವ, ಅಷ್ಟ. ರಾತ್ರಿ ಎಲ್ಲಾ ತೊಟ್ಲದಂಗ ತೂಗೂ ದೋಣಿಯೊಳಗ ಅದು ಸಡಲಾಗದ ಏನ ಮಾಡೀತು? ಕರೆಂಟಿನ ಕೆಲಸದಾಗ ಸಡಲು ಅಂದ್ರ ಬಿಸಿ.

ಇಲ್ಲೆ ಒಂದು ಲೆಕ್ಕ ತಿಳಕೋರಿ, ಕಠಿಣ ಇಲ್ಲ. ಮ್ಯಾಲಿನ ಟಾಕಿ ಎತ್ತರ ಇದ್ರ ಸಣ್ಣ ಪೈಪಿನ್ಯಾಗೂ ನೀರು ಜೋರ ಬರ್ತದ. ಟಾಕಿ ತಗ್ಗಿನ್ಯಾಗ ಇದ್ರ ಅಷ್ಟ ಕೊಡಾ ಅಷ್ಟ ಹೊತ್ತಿನ್ಯಾಗ ತುಂಬಲಿಕ್ಕೆ ದಪ್ಪ ಪೈಪು ಬೇಕು. ವೋಲ್ಟು ಅಂದ್ರ ಟಾಕಿಯ ಎತ್ತರ, ಆಂಪ್ ಅಂದ್ರ ಹರಿಯೂ ನೀರು. ನಿಮ್ಮನಿ 230 ವೋಲ್ಟಿನ್ಯಾಗ 60 ವಾಟಿನ ಬಲ್ಬಿಗೆ ಕಾಲು ಆಂಪ್ ಸಾಕು. ಅದ 60 ವಾಟು 12 ವೋಲ್ಟಿನ್ಯಾಗ ಬೇಕಂದ್ರ 5 ಆಂಪ್ ಹರೀಬೇಕು. ವೈರು ಸಣ್ಣದಿದ್ರ, ಜೋಡಣಿ ಸಡಲಿದ್ರ, ಅಲ್ಲೇ ಬಿಸಿ ಆಗತದ.

"12 ವೋಲ್ಟ್ ಏನ ಮಾಡತದ, ಮುಟ್ಟಿದ್ರ ಹೊಡಿಯೂದಿಲ್ಲ" ಅಂತ ಎಲ್ಲಾರೂ ಅಂತಾರ. ಒಣಾ ಕೈಲೆ ಮುಟ್ಟಿದ್ರ ಹೊಡಿಯೂದಿಲ್ಲ, ಖರೇ. ಅದಕ್ಕನ ಅದರ ಕಡೆ ಯಾರದೂ ಲಕ್ಷ ಇರೂದಿಲ್ಲ. 230 ವೋಲ್ಟಿಗೆ ನಾವು ಅಂಜತೀವಿ, ಹುಡುಗೂರನ್ನ ದೂರ ಇಡತೀವಿ. ಇದು ಹೊಡಿಯೂದಿಲ್ಲ, ಸುಡತದ.

ಥಂಡಿಗಾಲ ಇಲ್ಲಿ ದೋಣಿ ನೀರಿನ ಹೊರಗ ಇರ್ತದ. ಎಪ್ರಿಲಿನ್ಯಾಗ ಬಿಸಲು ಬಿದ್ದ ಮ್ಯಾಲೆ ಕೆಲಸಕ್ಕ ಕೂತ್ವಿ. ಸಾಕೆಟ್ಟಿನ ಹಿಂದ ಕೈ ಹಾಕ್ಲಿಕ್ಕೆ ಇವರ ಕೈ ಮಣಿಗಂಟಿನ ಮ್ಯಾಲೆ ಹೋಗಲೇ ಇಲ್ಲ. ಸಣ್ಣ ಬಾಯಿ ತಂಬಿಗಿ ಒಳಗ ಕೈ ಹಾಕಿ ತಿಕ್ಕಿ ಬೆಳದಾಕಿ ನಾನು, ನನ್ನ ಕೈ ಸೀದಾ ಹೋತು. ಹಿಂಗಾಗಿ ಇವರು ಬ್ಯಾಟರಿ ಹಿಡಿಯೂದು, ನಾ ಕೆಲಸಾ ಮಾಡೂದು ಅಂತ ಆತು. ಬ್ಯಾಟರಿ ಅಂದ್ರ ಕೈಯಾಗಿನ ಬ್ಯಾಟರಿ ಮತ್ತ, ಬೆಳಕಿಂದು.

"ಹೆಂಗಸರಿಗೆ ಯಾಕ ಬೇಕು ಇದು" ಅನ್ನೋರಿಗೆ ಒಂದು ಮಾತು. ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ಗೋವಾದಾಗ ಕಟ್ಟಿದ ತಾರಿಣಿ ಅನ್ನೂ ಹಾಯಿ ದೋಣಿ ತೊಗೊಂಡು, 2017ರ ಸೆಪ್ಟೆಂಬರಿನ್ಯಾಗ ಹೊಂಟು 2018ರ ಮೇ ತಿಂಗಳಾಗ ಜಗತ್ತು ಸುತ್ತಿ ಬಂದಾರ. ಅದಕ್ಕೂ ಮೊದಲ ಜಗತ್ತು ಸುತ್ತಿದ ದೋಣಿಯ ಹೆಸರು ಮ್ಹಾದೇಯಿ. ನಮ್ಮ ಖಾನಾಪುರದ ಕಾಡಿನ್ಯಾಗ ಹುಟ್ಟೂ ಮಹದಾಯಿ ಹೊಳಿ ಹೆಸರು ಅದು. ನಡು ಸಮುದ್ರದಾಗ ಏನರೇ ಕೆಟ್ರ ಅವರು ಎಲೆಕ್ಟ್ರಿಶನ್‌ಗೆ ಫೋನ್ ಹಚ್ಚಿ "ನಾಳೆ ಬರ್ತೀನ್ರಿ" ಅನ್ನಿಸಿಕೊಂಡು ಕೂಡ್ತಿದ್ರೇನು?

ಕೆಲಸಕ್ಕ ಕೈ ಹಚ್ಚೂಕಿಂತ ಮೊದಲ ದಂಡಿಯ ವೈರ್ ಕಿತ್ತು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟೆ. ಅದಕ್ಕೂ ಮೊದಲ ಬಂಗಾರದ ಬಳಿ, ಉಂಗುರ ತಗದೆ. ಯಾಕಂದ್ರ ಬ್ಯಾಟರಿಯ ಎರಡು ತುದಿಗೆ ಒಂದ ಲೋಹದ ಬಳಿ ತಾಗಿತಂದ್ರ ನೂರಾರು ಆಂಪ್ ಒಮ್ಮೆಲೇ ಹರದು ಬಳಿ ಕೈಮ್ಯಾಲೆನ ಕೆಂಪಗ ಕಾಯತದ. ಪಾನಾ ಹಿಡಕೊಂಡವರ ಉಂಗುರದ ಬೆರಳು ಸುಟ್ಟದ್ದು ಇಲ್ಲಿಯ ಗ್ಯಾರೇಜಿನವರಿಗೆ ಹೊಸಾ ಸುದ್ದಿ ಅಲ್ಲ. ಬರೇ ಕೈ ಇರಬಾರದು ಅಂತ ನಮ್ಮವ್ವ ಅಂತಿರ್ತಾರಲಾ, ಅದಕ್ಕ ಹಸರು ಗಾಜಿನ ಬಳಿ ಹಂಗ ಬಿಟ್ಟೆ. ಗಾಜಿನ್ಯಾಗ ಕರೆಂಟ್ ಹರಿಯೂದಿಲ್ಲ. ಮಂಗಳಸೂತ್ರ ಕುಪ್ಪಸದೊಳಗ ಸೇರಿಸಿ ಪಿನ್ ಹಚ್ಚಿದೆ.

ಹಲಗಿ ತಗದು ನೋಡಿದ್ರ ಒಳಗ ಏನ ಸಂಸಾರರೀ ಅದು! ದೋಣಿ ಕಟ್ಟಿದಾಗಿನ ವೈರು ಒಂದಿತ್ತು. ಅದಕ್ಕ ಆಮ್ಯಾಲಿನ ಯಾರೋ ಒಬ್ಬರು ಟೇಬಲ್ ಲ್ಯಾಂಪಿನ ವೈರು ತಿರುವಿ ಕೂಡಿಸಿ, ಟೇಪ್ ಸುತ್ತಿ, ಎರಡನೇ ಸಾಕೆಟ್ಟಿಗೆ ಒಯ್ದಿದ್ರು. ಟೇಪು ಅಂಟು ಬಿಟ್ಟು ಬೆಲ್ಲದ ಪಾಕದಂಗ ಆಗಿತ್ತು. ವೈರಿನ ಮ್ಯಾಲಿನ ಪ್ಲಾಸ್ಟಿಕ್ ಸುಲದು ನೋಡಿದೆ, ಒಳಗಿನ ತಾಮ್ರ ಕರ್ರಗ ಕಾಡಿಗಿ! ಅಲ್ಲಲ್ಲೆ ಹಸರು ಕಿಲುಬು. ಇನ್ನಷ್ಟು ಸುಲದೆ, ಗೇಣುದ್ದ ಹೋದ್ರೂ ಹಂಗ ಕರ್ರಗ.

ಇದು ನಮಗ ಗೊತ್ತಿದ್ದ ರೋಗನ. ಕಲಾಯಿ ಹೋದ ಹಿತ್ತಾಳಿ ಪಾತೇಲಿಯೊಳಗ ಹುಳಿ ಇಟ್ರ ಏನಾಗತದ? ಕಿಲುಬು. ಹಂಗ ಉಪ್ಪಿನ ಗಾಳಿ ತಾಮ್ರದ ಎಳಿಗುಂಟ ಒಳಗ ಏರಕೋತ ಹೋಗತದ. ಅದಕ್ಕ ಔಷಧಾನೂ ನಮ್ಮದ. ದೋಣಿಗೆ ಅಂತ ಮಾಡಿದ ವೈರಿನ್ಯಾಗ ತಾಮ್ರದ ಒಂದೊಂದು ಎಳಿಗೂ ತವರದ ಲೇಪ ಇರ್ತದ. ಹಿಂದಕ ಓಣಿಗೆ ಬಂದು ತಿದಿ ಊದಿ, ನವಸಾಗರ ಒಗದು, ಪಾತೇಲಿ ಬೆಳ್ಳಗ ಮಾಡಿ ಕೊಡ್ತಿದ್ದ ಕಲಾಯಿಯವಂದ ಕೆಲಸ! ಅಂಗಡಿಯಂವಾ ಏನೇನೋ ಇಂಗ್ಲೀಷ್‌ನ್ಯಾಗ ತಿಳಿಸಿ ಹೇಳ್ಲಿಕ್ಕೆ ಹತ್ತಿದ್ದ. ನನಗ ಒಂದ ಶಬ್ದದಾಗ ತಿಳದಿತ್ತು.

ವೈರಿನ ದಪ್ಪಾನೂ ನೋಡಬೇಕು. ಮನಿ ಕಟ್ಟಿಸಿದಾಗ "ಲೈಟಿಗೆ ಒಂದೂವರಿ, ಗೀಜರಿಗೆ ನಾಕು" ಅಂತ ಹೇಳ್ತಾರಲಾ, ಹಂಗ. ಇಲ್ಲೆ ಅದನ್ನ ಗೇಜಿನ್ಯಾಗ ಎಣಸ್ತಾರ, ಉಲ್ಟಾ ಲೆಕ್ಕ, ಅಂಕಿ ಸಣ್ಣದಾದಂಗ ವೈರು ದಪ್ಪ. ನಾ 12 ಗೇಜ್ ಹಾಕಿದೆ, ಅಂದ್ರ ಮೂರು ಚಿಲ್ಲರ ಎಂಎಂ. ಒಂದ ದಪ್ಪ ತಂತಿ ಇರೂ ವೈರಲ್ಲ, ಹತ್ತಾರು ಸಣ್ಣ ಎಳಿ ಕೂಡಿದ್ದು. ದೋಣಿ ಅಲಗಾಡತಿರ್ತದ, ಒಂದ ತಂತಿ ಇದ್ರ ಬಾಗಿ ಬಾಗಿ ಮುರೀತದ. ಬಣ್ಣ ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಹಳದಿ. ಕರೀದು ಯಾಕ ಬ್ಯಾಡ ಅಂದ್ರ, ಅಮೆರಿಕಾದ ಮನಿಗಳೊಳಗ ಕರೀ ವೈರಿನ್ಯಾಗನ ಕರೆಂಟ್ ಇರ್ತದ! ನಮ್ಮ ಕಡೆ ಕರೀದು ನ್ಯೂಟ್ರಲ್ ಅಂತ ರೂಢಿ. ಇಲ್ಲಿಗೆ ಮಕ್ಕಳ ಮನಿಗೆ ಬರೂ ಅತ್ಯಾಗೋಳು, ಮಾಮಾಗೋಳು ಇದನ್ನ ಲಕ್ಷದಾಗ ಇಟ್ಕೋರಿ, ಬಲ್ಬ್ ಹೋಲ್ಡರ್ ಬಿಚ್ಚಲಿಕ್ಕೆ ಹೋಗಬ್ಯಾಡ್ರಿ.

ಜೋಡಣಿಗೆ ತಿರುವಿ ಟೇಪ್ ಸುತ್ತೂದು ಬಿಲ್ಕುಲ್ ಇಲ್ಲ. ತಾಮ್ರದ ಸಣ್ಣ ನಳಿಗಿಯೊಳಗ ವೈರ್ ಸೇರಿಸಿ, ಅದಕ್ಕಂತನ ಇರೂ ಇಕ್ಕಳಲೆ ಗಚ್ಚನ ಒತ್ತೂದು. ಮ್ಯಾಲೆ ಒಂದು ತೊಗಲಿರ್ತದ, ಬಿಸಿ ಗಾಳಿ ಹಿಡದ್ರ ಮುದುಡಿ ಒಳಗಿನ ಅಂಟು ಕರಗಿ ನೀರು ಹೋಗದಂಗ ಮುಚ್ಚತದ. ಒತ್ತಿದ ಮ್ಯಾಲೆ ಒಂದೊಂದೂ ಜಗ್ಗಿ ನೋಡಿದೆ. ಇಕ್ಕಳ ಬಾಜೂ ದೋಣಿಯವರ ಕಡೆ ಕಡಾ ತಂದದ್ದು, ತಿರುಗಿ ಕೊಡೂ ಮುಂದ ನಾಕು ಚಕ್ಕುಲಿ ಕೊಟ್ಟೆ.

ಇನ್ನ ಫ್ಯೂಸು. ಲ್ಯಾಂಪಿನ ವೈರಿಗೆ ಫ್ಯೂಸ್ ಇರಲೇ ಇಲ್ಲ. ಭಾಳ ಮಂದಿ ತಿಳಕೊಂಡಾರ, ಫ್ಯೂಸು ಮಶೀನ್ ಉಳಸ್ಲಿಕ್ಕೆ ಅಂತ. ಅದು ಇರೂದು ವೈರ್ ಉಳಸ್ಲಿಕ್ಕೆ. ಹಳೇ ಮನಿಗಳೊಳಗ ಕಿಟ್‌ಕ್ಯಾಟ್ ಫ್ಯೂಸ್ ಮ್ಯಾಲಿಂದ ಮ್ಯಾಲೆ ಹಾರತದ ಅಂತ ಯಾರರೇ ಶಾಣ್ಯಾ ಬಂದು ದಪ್ಪ ತಂತಿ ಸುತ್ತಿ ಹೋಗ್ತಿದ್ದ, ನೆನಪದನು? ಆವಾಗ ಫ್ಯೂಸ್ ಹಾರೂದಿಲ್ಲ, ಗ್ವಾಡಿಯೊಳಗಿನ ವೈರ್ ಸುಡತದ. ಇಲ್ಲೆ ದೋಣಿಗಳಿಗೆ ಎಬಿವೈಸಿ ಅಂತ ಒಂದು ಸಂಸ್ಥಾದವರು ನಿಯಮ ಬರೀತಾರ. ಕರೆಂಟ್ ಹೊಂಡೂ ಜಾಗಾದಿಂದ 7 ಇಂಚಿನೊಳಗ ಫ್ಯೂಸ್ ಇರಬೇಕು ಅಂತ ಅದರಾಗ ಅದ. ಬ್ಯಾಟರಿಗೆ ಸೀದಾ ಹಚ್ಚಿದ ವೈರಿಗೆ ಇನ್ನಷ್ಟು ದೂರದ ಸವಲತ್ತು ಅದ. ಫ್ಯೂಸ್ ಸಾಕೆಟ್ಟಿನ ಕಡೆ ಇಟ್ರ ನಡುವಿನ ಅಷ್ಟುದ್ದ ವೈರಿಗೆ ಕಾವಲು ಯಾರು? ನಾ ಒಂದೊಂದು ಸಾಕೆಟ್ಟಿಗೆ ಒಂದೊಂದು 10 ಆಂಪಿನ ಫ್ಯೂಸ್ ಹಾಕಿದೆ, ಬ್ಯಾಟರಿ ಕಡೆ ಸುರುವಿಗೇನ.

ಸಾಕೆಟ್ಟು ಎರಡು ಥರ ತಂದೆ. ಮಶೀನಿಗೆ ಸಲುವಾಗಿ ತಿರುವಿ ಬಿಗಿಯೂ 12 ವೋಲ್ಟಿನ ಗಟ್ಟಿ ಸಾಕೆಟ್ಟು, ಡಬ್ಬಿ ಮುಚ್ಚಳದಂಗ ಕಾಲು ಸುತ್ತು ತಿರುವಿದ್ರ ಹಿಡಕೋತದ, ಮಲಗಿದವರ ಕಾಲು ಬಡದ್ರೂ ಕಳಚೂದಿಲ್ಲ. ಫೋನಿಗೆ ಯುಎಸ್‌ಬಿ-ಸಿ ಎರಡು. 2023ರಿಂದ ಐಫೋನಿಗೂ ಅದ ಬಾಯಿ ಬಂದ ಮ್ಯಾಲೆ ಮನಿಯೊಳಗ ಎಲ್ಲಾರಿಗೂ ಒಂದ ವೈರ್ ಸಾಕಾಗೇದ. ಎರಡು ವಿಷಯ ಮಾತ್ರ ನೋಡಿ ತೊಗೋಬೇಕು. ಈ ಯುಎಸ್‌ಬಿ ಸಾಕೆಟ್ಟಿನ ನೀಲಿ ದೀಪ ಹಗಲೂ ರಾತ್ರಿ ಹತ್ತಿಕೊಂಡು ತೊಟ್ಟು ತೊಟ್ಟು ಬ್ಯಾಟರಿ ಕುಡೀತದ, ಸೋರೂ ನಳದಂಗ, ಅದಕ್ಕ ಅದಕ್ಕೊಂದು ಸ್ವಿಚ್ ಬೇಕು. ಎರಡನೇದು, ಕೆಲವು ಸವ್ವಾ ಸಾಕೆಟ್ಟು ರೇಡಿಯೋದಾಗ ಗುರ್ ಅಂತ ಸಪ್ಪಳ ಹಾಕ್ತಾವ. ಆಪತ್ತಿನ್ಯಾಗ ಕರಿಯೂದು ಆ ರೇಡಿಯೋದಿಂದನ. ಹಾಕಿದ ಮ್ಯಾಲೆ ಫೋನ್ ಚಾರ್ಜಿಗೆ ಹಚ್ಚಿ, ರೇಡಿಯೋ ಚಾಲೂ ಮಾಡಿ ಕಿವಿಗೊಟ್ಟು ಕೇಳಿದೆ. ಸುಮ್ಮನಿತ್ತು.

ಕಡೀಕ ಮೀಟರ್ ಹಚ್ಚಿ ನೋಡಿದ್ದು. ಕೆಲಸಕ್ಕಿಂತ ಮೊದಲ ಅಳದಿಟ್ಟಿದ್ದೆ. ಮಶೀನ್ 5 ಆಂಪ್ ಎಳಿಯೂ ಮುಂದ ಬ್ಯಾಟರಿ ಹತ್ರ 12.5 ವೋಲ್ಟ್, ಹಳೇ ಸಾಕೆಟ್ಟಿನ್ಯಾಗ 10.9. ನಡುವಿನದೆಲ್ಲಾ ವೈರಿನ್ಯಾಗ ಬಿಸಿ ಆಗಿ ಹೋಗ್ತಿತ್ತು. ಈಗ ಅದ 5 ಆಂಪಿಗೆ 12.2. ತಾಸು ಗಟ್ಟಲೆ ನಡಸಿ ಪ್ಲಗ್ ಮುಟ್ಟಿದೆ, ತಣ್ಣಗ. ಎಲ್ಲಾ ಕೂಡಿ 140 ಡಾಲರ್ ಖರ್ಚು, ಎರಡು ಶನಿವಾರದ ಕೆಲಸ.

ಮೇ ತಿಂಗಳಾಗ ಅದ ಹಿನ್ನೀರಿಗೆ ಹೋಗಿ ಮಲಗಿ ಬಂದ್ವಿ. ಹಬಿ ಭಾಗ ಬಂದ್ ಇಟ್ರ ಮಶೀನು ಒಂದೂವರಿ ಆಂಪಿನ್ಯಾಗ ನಡೀತದ, ಎಂಟು ತಾಸಿಗೆ ಬ್ಯಾಟರಿಯ ಎಂಟನೇ ಒಂದು ಭಾಗಾನೂ ಖರ್ಚಾಗೂದಿಲ್ಲ. ಮುಂಜಾನೆ ಮಶೀನಿನ ಮ್ಯಾಲೆ ರಾತ್ರಿಯ ಲೆಕ್ಕ ಬರ್ತದ, ತಾಸಿಗೆ 3 ಅಂತ ತೋರಸ್ತು. ನಾ ಎರಡು ಸಲ ಎದ್ದು ಪ್ಲಗ್ ಮುಟ್ಟಿ ನೋಡಿ ಮಲಗಿದೆ. ಮನಸ್ಸು ಕೇಳಬೇಕಲಾ.

ಈಗ ನಿಮ್ಮನಿ ಮಾತು. ನಿಮಗೂ ಇನ್ವರ್ಟರ್ ಅದ, ಅದರ ಬ್ಯಾಟರಿ ಇದರದ ಅಣ್ಣ. ಕರೆಂಟ್ ಹೋದಾಗ ಅದರ ದಪ್ಪ ಕೇಬಲ್ಲಿನ್ಯಾಗ ಹರಿಯೂದು ನಮ್ಮ ದೋಣಿಗಿಂತ ಎಷ್ಟೋ ಪಟ್ಟು ಹೆಚ್ಚು. ಟರ್ಮಿನಲ್ ಮ್ಯಾಲೆ ಬಿಳೇ, ಹಸರು ಹಿಟ್ಟಿನಂಥಾದ್ದು ಕೂತದ ಏನು ನೋಡ್ರಿ. ಅದನ್ನ ತಗೀಲಿಕ್ಕೆ ಇನ್ವರ್ಟರ್ ಪೂರಾ ಬಂದ್ ಮಾಡಿಸಿ, ಬಳಿ ತಗದು, ಅಡಗಿ ಸೋಡಾ ಕಲಸಿದ ನೀರಾಗ ಅದ್ದಿ ಹಿಂಡಿದ ಅರಬಿಲೆ ಒರಸಬೇಕು. ನೀರು ಬ್ಯಾಟರಿ ಮುಚ್ಚಳದೊಳಗ ಹೋಗಬಾರದು. ಒಣಗಿದ ಮ್ಯಾಲೆ ಬಿಗದು ವ್ಯಾಸಲೀನ್ ಹಚ್ಚಬೇಕು. ಧೈರ್ಯ ಸಾಲದಿದ್ರ ಮೆಕ್ಯಾನಿಕ್‌ಗೆ ಹೇಳ್ರಿ, ಆದ್ರ ಅಂವಾ ನೀರು ಹಾಕಿ ಹೋಗೂದಲ್ಲ, ಟರ್ಮಿನಲ್ ಬಿಗೀಬೇಕು, ಬಾಜೂ ನಿಂತು ನೋಡ್ರಿ.

ಮಿಕ್ಸರು, ಇಸ್ತ್ರಿ, ಗೀಜರಿನ ಪ್ಲಗ್ಗು ಕೆಲಸ ಮುಗದ ಮ್ಯಾಲೆ ಸ್ವಿಚ್ ಬಂದ್ ಮಾಡಿ, ಒಣಾ ಕೈಲೆ ಮ್ಯಾಲಿನ ಪ್ಲಾಸ್ಟಿಕ್ ಮುಟ್ಟಿ ನೋಡೂ ರೂಢಿ ಮಾಡ್ಕೋರಿ. ಚುರ್ ಅಂದ್ರ ಸಾಕೆಟ್ಟು ಸಡಲ ಆಗೇದಂತ. ಬೋರ್ಡಿನ ಮುಖಾ ಅಷ್ಟ ಅಲ್ಲ, ಹಿಂದಿನ ವೈರೂ ತೋರಸಂತ ಎಲೆಕ್ಟ್ರಿಶನ್‌ಗೆ ಹೇಳ್ರಿ. ಮತ್ತ ಮನಿಯೊಳಗ ಯಾರರೇ ಗೊರಕಿ ನಡುವ ಗಪ್ ಆಗ್ತಿದ್ರ, ನಗಬ್ಯಾಡ್ರಿ, ಒಂದು ರಾತ್ರಿ ಎಚ್ಚರಿದ್ದು ಎಣಸ್ರಿ, ಡಾಕ್ಟರಿಗೆ ತೋರಸ್ರಿ.

ಆ ಸುಟ್ಟ ಸಾಕೆಟ್ಟು ಒಗದಿಲ್ಲ, ದೀಪಾವಳಿಗೆ ಬರೂ ಮುಂದ ತರ್ತೀನಿ. ಮಾಮಿಯವರು ಚಷ್ಮಾ ಹಾಕ್ಕೊಂಡು ಒಮ್ಮೆ ನೋಡ್ಲಿ.